ಅಂಗಳ ಒಣಗಿತ್ತು, ಜಾರಿದ್ದು ಎಲ್ಲಿ?

ನಮ್ಮ ಸೋದರಮಾವ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ಮೊದಲ ಪಾಳಿಗೆ ಹೊರಡುವ ಹೊತ್ತಿಗೇ ಎದ್ದುಬಿಡುತ್ತಾರೆ. 74ನೇ ವಯಸ್ಸಿನಲ್ಲಿ ಒಂದು ನಸುಕಿನಲ್ಲಿ ಜಗಲಿ ಇಳಿದು ನಲ್ಲಿಯ ಕಡೆ ನಾಲ್ಕು ಹೆಜ್ಜೆ ಹಾಕಿದವರು ಅಂಗಳದಲ್ಲೇ ಬಿದ್ದರು. ತೊಡೆಮೂಳೆಯ ಕತ್ತು ಮುರಿಯಿತು. ನೋಡಲು ಬಂದವರಿಗೆಲ್ಲ ಅವರದು ಒಂದೇ ಉತ್ತರ: “ಒದ್ದೆ ಇತ್ತು, ಕಾಲು ಜಾರ್ತು.” ಡಾಕ್ಟರು ಅದನ್ನೇ ಬರೆದುಕೊಂಡರು. ನಾವೂ ಅದನ್ನೇ ನಂಬಿದೆವು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ನುಣುಪು ಟೈಲ್ಸ್ ಕೀಳಿಸಿ ಒರಟು ಟೈಲ್ಸ್ ಕೂರಿಸಿದೆವು. ಐದು ತಿಂಗಳಿಗೆ ಮಾವ ಮತ್ತೆ ಬಿದ್ದರು. ಈ ಸಲ ನಡುಮನೆಯಲ್ಲಿ, ವಾಕರ್ ಸಮೇತ. ಹುಬ್ಬು ಸೀಳಿ ಹೊಲಿಗೆ ಹಾಕಬೇಕಾಯಿತು. ಅಂಗೈಯಲ್ಲಿ ಮಾತ್ರ ಒಂದು ತರಚು ಗಾಯವೂ ಇರಲಿಲ್ಲ. ಅವತ್ತು ರಾತ್ರಿ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರು: “ಹೋದ ಸಲಾನೂ ನಾನಿನ್ನೂ ಅಂಗಳಕ್ಕೆ ನೀರೇ ಹಾಕಿದ್ದಿಲ್ಲಪ್ಪ. ಜಾರೋಕೆ ಒದ್ದೆ ಎಲ್ಲಿತ್ತು?”

ಐದು ತಿಂಗಳು ನಾವ್ಯಾರೂ ಅವರನ್ನು ಕೇಳಿಯೇ ಇರಲಿಲ್ಲ.

ಮರುದಿನ ತೋರಿಸಿದ ಫಿಜಿಷಿಯನ್ ಎಕ್ಸ್‌ರೇ ಲಕೋಟೆಯನ್ನು ಪಕ್ಕಕ್ಕಿಟ್ಟು ಮಾವನ ಮಣಿಕಟ್ಟು ಹಿಡಿದರು. ಪೂರ್ತಿ ಒಂದು ನಿಮಿಷ ಬಿಡಲಿಲ್ಲ. ಆಮೇಲೆ ಕೇಳಿದರು: “ಬೀಳುವಾಗ ನೆಲ ಹತ್ತಿರ ಬಂದದ್ದು ನೆನಪಿದೆಯಾ ಯಜಮಾನ್ರೇ?” ಮಾವ ಯೋಚಿಸಿದರು. “ನಿಂತಿದ್ದು ನೆನಪೈತೆ ಸಾರ್. ನೆಲದ ಮೇಲೆ ಇದ್ದಿದ್ದೂ ನೆನಪೈತೆ. ನಡುವಿಂದು ಇಲ್ಲ.” ಎದೆಗೆ ತಂತಿಗಳನ್ನು ಅಂಟಿಸಿ ಸೊಂಟಕ್ಕೆ ಪುಟ್ಟ ಪೆಟ್ಟಿಗೆ ಕಟ್ಟಿ ಕಳಿಸಿದರು. ಅದು ಹೋಲ್ಟರ್ ಮಾನಿಟರ್. ಎರಡು ದಿನದ ದಾಖಲೆಯಲ್ಲಿ ಹೃದಯ ಹಲವು ಬಾರಿ ಲಯ ತಪ್ಪಿ ವೇಗವಾಗಿ ಓಡಿತ್ತು. ಅಂಥದೊಂದು ಓಟ ನಸುಕಿನಲ್ಲಿ ನಿಂತಾಗ, ಮುಂದಿನ ಬಡಿತ ಬರಲು 6 ಸೆಕೆಂಡ್ ಹಿಡಿದಿತ್ತು.

ನಮ್ಮಲ್ಲಿ ವಯಸ್ಸಾದವರು ಬಿದ್ದರೆ ಮುರಿದದ್ದನ್ನು ನೋಡುತ್ತೇವೆ, ಬೀಳಿಸಿದ್ದನ್ನು ನೋಡುವುದಿಲ್ಲ. ಇದು ನಮ್ಮ ಮನೆಯೊಂದರ ತಪ್ಪಲ್ಲ ಎಂದು ಈಗ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಾವು ನಮ್ಮಂಥ ಮಧ್ಯಮ ಮತ್ತು ಕಡಿಮೆ ಆದಾಯದ ದೇಶಗಳದ್ದು, ಮತ್ತು 60 ದಾಟಿದವರದೇ ದೊಡ್ಡ ಪಾಲು. 2011ರ ಜನಗಣತಿಯಲ್ಲೇ ಭಾರತದಲ್ಲಿ ಆ ವಯಸ್ಸಿನವರು 10 ಕೋಟಿ ಮೀರಿದ್ದರು. 65 ದಾಟಿದವರಲ್ಲಿ ಮೂವರಿಗೊಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ ಎಂಬುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ.

ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಸಣ್ಣ ಜೀವಕೋಶಗಳ ಗುಂಪಿದೆ. ತಾಳ ಹಾಕುವುದು ಅದು. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಅಲ್ಲಿ ಹುಟ್ಟುವ ವಿದ್ಯುತ್ ಸೂಚನೆ ಎವಿ ನೋಡ್ ಎಂಬ ಗೇಟು ದಾಟಿ ಕೆಳಕೋಣೆಗಳಿಗೆ ಇಳಿಯುತ್ತದೆ. ವಯಸ್ಸಾದಂತೆ ಈ ದಾರಿಯ ಜೀವಕೋಶಗಳು ಸವೆದು ಆ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಕೆಲವರಲ್ಲಿ ತಾಳ ಹಾಕುವವನೇ ತೂಕಡಿಸುತ್ತಾನೆ. ಕೆಲವರಲ್ಲಿ ಗೇಟು ಮುಚ್ಚಿಕೊಳ್ಳುತ್ತದೆ, ಅದಕ್ಕೆ ಹಾರ್ಟ್ ಬ್ಲಾಕ್ ಎನ್ನುತ್ತಾರೆ. ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಜನ “ಬ್ಲಾಕ್” ಎಂದೇ ಹೇಳುವುದರಿಂದ ಗೊಂದಲ ಆಗುತ್ತದೆ. ಇದು ವಿದ್ಯುತ್ ತಂತಿಯ ತೊಂದರೆ, ನೀರಿನ ಪೈಪಿನದಲ್ಲ. ಸ್ಟೆಂಟ್ ಹಾಕಿದರೆ ಸರಿಹೋಗುವಂಥದ್ದಲ್ಲ.

ವಯಸ್ಸಾದವರಲ್ಲಿ ಹೆಚ್ಚು ಕಾಣುವ ಲಯದ ತೊಂದರೆ ಏಟ್ರಿಯಲ್ ಫಿಬ್ರಿಲೇಷನ್, ಡಾಕ್ಟರುಗಳ ಬಾಯಲ್ಲಿ ಎ.ಎಫ್. ಮೇಲ್ಕೋಣೆಗಳು ಒಂದೇ ಸಲ ಹಿಂಡುವುದನ್ನು ಬಿಟ್ಟು ನಡುಗತೊಡಗುತ್ತವೆ. ನಾಡಿ ಬೇಗವೂ ಆಗುತ್ತದೆ, ಹದವೂ ತಪ್ಪುತ್ತದೆ. ಮೇಲ್ಕೋಣೆ ಸರಿಯಾಗಿ ಹಿಂಡದಿದ್ದರೆ ಪ್ರತಿ ಬಡಿತಕ್ಕೆ ಹೊರಹೋಗುವ ರಕ್ತ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗಬಹುದು. ಮಲಗಿದವರು ಥಟ್ಟನೆ ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಎಳೆಯರ ದೇಹ ಕ್ಷಣದಲ್ಲಿ ನಾಳಗಳನ್ನು ಬಿಗಿದು ಸರಿದೂಗಿಸುತ್ತದೆ, ಮುಪ್ಪಿನಲ್ಲಿ ಆ ಚುರುಕು ಇರುವುದಿಲ್ಲ. ಅದೇ ಗಳಿಗೆಯಲ್ಲಿ ಹೃದಯವೂ ಲಯ ತಪ್ಪಿದರೆ ತಲೆಗೆ ರಕ್ತ ಸಾಲುವುದಿಲ್ಲ. ಮಿದುಳಿಗೆ ರಕ್ತ ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಬೀಳಲು ಅಷ್ಟೂ ಬೇಕಿಲ್ಲ. ಎರಡು ಮೂರು ಸೆಕೆಂಡಿನ ಮಂಕು ಸಾಕು, ಮೊದಲೇ ನೋಯುವ ಮೊಣಕಾಲು ಮಡಚಿಕೊಳ್ಳುತ್ತದೆ.

ಮಾವನದು ಎರಡೂ ಸೇರಿದ ತೊಂದರೆ. ಎ.ಎಫ್. ಬಂದುಹೋಗುತ್ತಿತ್ತು. ಅದು ನಿಂತಾಗ ಸೈನಸ್ ನೋಡ್ ತನ್ನ ಕೆಲಸಕ್ಕೆ ವಾಪಸಾಗಲು ತಡ ಮಾಡುತ್ತಿತ್ತು. ಬೀಳಿಸುತ್ತಿದ್ದದ್ದು ಆ ನಡುವಿನ ಮೌನ.

ಹಾಗಾದರೆ ಆಪರೇಷನ್‌ಗೆ ಮುಂಚೆ ಇಸಿಜಿ ತೆಗೆದಿರಲಿಲ್ಲವೇ? ತೆಗೆದಿದ್ದರು, ನಾರ್ಮಲ್ ಬಂದಿತ್ತು. ಈ ವಿಷಯದಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ. ಆರ್ಥೋಪೆಡಿಕ್ ವಾರ್ಡಿನಲ್ಲಿ ಇಸಿಜಿ ತೆಗೆಯುವುದು ಫಿಟ್‌ನೆಸ್‌ಗೆ, ಅಂದರೆ ಈ ಹೃದಯ ಅರಿವಳಿಕೆ ತಡೆದೀತೇ ಎಂದು ತಿಳಿಯಲು. ಈ ಮನುಷ್ಯ ಯಾಕೆ ಬಿದ್ದ ಎಂದು ಕೇಳಲು ಅಲ್ಲ. ಸಾಮಾನ್ಯ ಇಸಿಜಿ ದಾಖಲಿಸುವುದು 10 ಸೆಕೆಂಡ್ ಮಾತ್ರ. ದಿನಕ್ಕೆ 86,400 ಸೆಕೆಂಡ್. ಬಂದುಹೋಗುವ ಕಳ್ಳನನ್ನು ಹಿಡಿಯಲು ಬಾಗಿಲಲ್ಲಿ 10 ಸೆಕೆಂಡ್ ನಿಂತು ಮನೆಯಲ್ಲಿ ಯಾರೂ ಇಲ್ಲ ಎಂದ ಹಾಗಾಯಿತು. ದಿನಗಟ್ಟಲೆ ದಾಖಲಿಸುವ ಉಪಕರಣ ಬೇಕೆಂದೇ ಅಮೆರಿಕದ ನಾರ್ಮನ್ ಹೋಲ್ಟರ್ ಹೊತ್ತೊಯ್ಯುವ ಯಂತ್ರ ರೂಪಿಸಿ 1961ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದ. ತಿಂಗಳಿಗೊಮ್ಮೆ ಮಾತ್ರ ಬೀಳುವವರಿಗೆ ಅದೂ ಸಾಲದು. ಅಂಥವರಿಗೆ ಚರ್ಮದ ಕೆಳಗೆ ಇಡುವ, ವರ್ಷಗಟ್ಟಲೆ ಕಾಯುವ ಲೂಪ್ ರೆಕಾರ್ಡರ್ ಇದೆ. ಅದು ದುಬಾರಿ.

ಇನ್ನೊಂದು ಕಾರಣ ಬಿದ್ದವರೇ. ಮಾವ ಸುಳ್ಳು ಹೇಳಿರಲಿಲ್ಲ. ಕ್ಷಣ ಎಚ್ಚರ ತಪ್ಪಿದ ಹಿರಿಯರಲ್ಲಿ ಬಹಳಷ್ಟು ಮಂದಿಗೆ ಎಚ್ಚರ ತಪ್ಪಿದ್ದೇ ನೆನಪಿರುವುದಿಲ್ಲ. ನೆಲದ ಮೇಲೆ ಕಣ್ಣು ಬಿಟ್ಟಾಗ ಮನಸ್ಸು ತಾನೇ ಒಂದು ಕಾರಣ ಹೊಂದಿಸಿಕೊಳ್ಳುತ್ತದೆ: ಜಾರಿರಬೇಕು, ಪಂಚೆ ಕಾಲಿಗೆ ಸಿಕ್ಕಿರಬೇಕು, ಹೊಸಿಲು ಎಡವಿರಬೇಕು. ಜೊತೆಗೆ ಮರ್ಯಾದೆಯ ಪ್ರಶ್ನೆ. “ತಲೆ ತಿರುಗ್ತು” ಎಂದರೆ ಒಬ್ಬರೇ ಓಡಾಡಲು ಬಿಡುವುದಿಲ್ಲ, ಕುಂದುವಾಡ ಕೆರೆಯ ವಾಕಿಂಗೂ ಇಲ್ಲ, ಬೆಳಗಿನ ಮಂಡಕ್ಕಿ ಮಿರ್ಚಿಯ ಗೆಳೆಯರ ಸಭೆಯೂ ಇಲ್ಲ. ಜಾರಿದೆ ಎಂದರೆ ತಪ್ಪು ನೆಲದ್ದು.

ಆದ್ದರಿಂದ ಮೈಮೇಲಿನ ಗಾಯವನ್ನೂ ಓದಬೇಕು. ನಿಜವಾಗಿ ಜಾರಿದವರು, ಎಡವಿದವರು ಕೈ ಮುಂದೆ ಚಾಚುತ್ತಾರೆ, ಅಂಗೈ ತರಚುತ್ತದೆ, ಮಣಿಕಟ್ಟು ಮುರಿಯುತ್ತದೆ. ಎಚ್ಚರ ತಪ್ಪಿ ಬಿದ್ದವರಿಗೆ ಕೈ ಚಾಚುವ ಹೊತ್ತೇ ಸಿಗುವುದಿಲ್ಲ, ಮುಖಕ್ಕೋ ತಲೆಗೋ ಏಟು. ಇದು ತಪ್ಪದ ನಿಯಮವೇನಲ್ಲ. ಆದರೂ ಮುಖ ಒಡೆದು ಕೈ ನೆಟ್ಟಗಿದ್ದರೆ ಅನುಮಾನ ಪಡಲೇಬೇಕು. ಬೀಳುವ ಮುಂಚೆ ಮುಖ ಬಿಳಿಚಿತ್ತೇ, ಕುಳಿತಿದ್ದಾಗಲೋ ಮಲಗಿದ್ದಾಗಲೋ ಹೀಗೆ ಮಂಕು ಕವಿದದ್ದುಂಟೇ, ಗುಂಡಿಗೆ ಡವಡವ ಎಂದಿತ್ತೇ, ಎದ್ದ ಮೇಲೆ ಬೇಗ ಸರಿಹೋದರೇ, ಇವನ್ನೂ ಕೇಳಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೀಳುವುದಕ್ಕೆಲ್ಲ ಹೃದಯವೇ ಕಾರಣ ಎಂದುಕೊಂಡರೆ ಅದೂ ತಪ್ಪು. ಪೊರೆ ಬಂದ ಕಣ್ಣು, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ, ಬಲ ಕಳೆದುಕೊಂಡ ತೊಡೆ, ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗುವ ಅಭ್ಯಾಸ, ಇವೆಲ್ಲ ಸೇರಿ ಬೀಳಿಸುತ್ತವೆ. ಐರ್ಲೆಂಡಿನಲ್ಲಿ 50 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿರುವ ಟಿಲ್ಡಾ ಅಧ್ಯಯನದಲ್ಲಿ ಎ.ಎಫ್. ಇರುವವರಲ್ಲಿ ಬೀಳುವುದೂ ಮೂರ್ಛೆಯೂ ಹೆಚ್ಚು ಕಂಡಿವೆ. ಆದರೆ ಅವರಲ್ಲಿ ಬಿ.ಪಿ., ಹೃದಯದ ದೌರ್ಬಲ್ಯ, ಹತ್ತಾರು ಮಾತ್ರೆಗಳೂ ಇರುತ್ತವೆ. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಸುಲಭವಲ್ಲ. ಹೃದಯ ನಿಧಾನವಾದಾಗ ವಿದ್ಯುತ್ ಸೂಚನೆ ಕೊಟ್ಟು ಬಡಿಸುವ ಪೇಸ್‌ಮೇಕರ್ ಯಂತ್ರ ಕೂರಿಸಿದರೆ ಎಲ್ಲರೂ ಬೀಳುವುದು ನಿಲ್ಲುತ್ತದೆ ಎಂದೂ ಅಲ್ಲ. ಕುತ್ತಿಗೆ ಹೊರಳಿಸಿದಾಗ, ಬಿಗಿ ಕಾಲರ್ ಒತ್ತಿದಾಗ ಹೃದಯ ನಿಧಾನವಾಗುವ ತೊಂದರೆ ಇದ್ದು, ಕಾರಣ ತಿಳಿಯದೆ ಬೀಳುತ್ತಿದ್ದ 175 ಜನರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಪೇಸ್‌ಮೇಕರ್ ಹಾಕಿಸಿಕೊಂಡವರು ಬಿದ್ದದ್ದು ಬಹಳ ಕಡಿಮೆಯಾಗಿತ್ತು. ಯಂತ್ರ ಆನ್ ಇದೆಯೋ ಆಫ್ ಇದೆಯೋ ರೋಗಿಗೂ ಗೊತ್ತಿಲ್ಲದಂತೆ ಆಮೇಲೆ ಪರೀಕ್ಷಿಸಿದಾಗ ಆ ಲಾಭ ಕಾಣಲಿಲ್ಲ. ಹೃದಯ ನಿಂತದ್ದೂ ಮನುಷ್ಯ ಕುಸಿದದ್ದೂ ಒಂದೇ ಗಳಿಗೆ ಎಂದು ದಾಖಲೆಯಲ್ಲಿ ಸಿಕ್ಕರೆ ಪೇಸ್‌ಮೇಕರ್‌ನ ಉಪಕಾರದ ಬಗ್ಗೆ ಅನುಮಾನ ಇಲ್ಲ. ಆ ಜೋಡಣೆ ಸಿಗದೆ ಅವಸರ ಪಡಬಾರದು.

ಲಯ ಕೆಡಿಸುವುದರಲ್ಲಿ ಕೆಲವೊಮ್ಮೆ ಔಷಧಿ ಡಬ್ಬಿಯದೇ ಕೈ ಇರುತ್ತದೆ. ಬಿ.ಪಿ.ಗೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ಇವೆಲ್ಲ ನಾಡಿಯನ್ನು ನಿಧಾನ ಮಾಡಬಲ್ಲವು. ಮೂತ್ರ ಕಟ್ಟುವ ಗಂಡಸರು ಪ್ರಾಸ್ಟೇಟ್‌ಗೆಂದು ರಾತ್ರಿ ನುಂಗುವ ಟ್ಯಾಮ್ಸುಲೋಸಿನ್, ನೀರಿಳಿಸುವ ಮಾತ್ರೆ, ನಿದ್ದೆ ಮಾತ್ರೆ, ಇವು ಎದ್ದು ನಿಂತಾಗ ಕಣ್ಣು ಕತ್ತಲೆ ಬರಿಸುತ್ತವೆ. ನಮ್ಮಲ್ಲಿ ಏಪ್ರಿಲ್–ಮೇ ಬಿಸಿಲಿಗೆ ಬೆವರು ಹರಿದು ನೀರು ಕಡಿಮೆಯಾದಾಗ ಮೊದಲು ಕುಸಿಯುವವರು ಇಂಥ ಮಾತ್ರೆ ನುಂಗುವವರೇ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಔಷಧಿ ಇನ್ನೊಂದಿದೆ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ. ಕಣ್ಣಿಗೆ ಹಾಕಿದ್ದು ಮೂಗಿನ ಒಳಪದರದ ಮೂಲಕ ನೇರ ರಕ್ತ ಸೇರುತ್ತದೆ, ಹೃದಯವನ್ನು ನಿಧಾನ ಮಾಡುತ್ತದೆ. ಯಾವ ಮಾತ್ರೆ ತಗೊಳ್ತೀರಿ ಎಂದು ಡಾಕ್ಟರು ಕೇಳಿದಾಗ ಕಣ್ಣಿನ ಹನಿಯ ಹೆಸರು ಹೇಳುವವರು ಎಷ್ಟು ಜನ? ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬಿಡಬಾರದು, ಬೀಟಾ ಬ್ಲಾಕರ್ ಹಠಾತ್ತನೆ ಬಿಡುವುದು ಬೇರೆಯದೇ ಅಪಾಯ. ಡಬ್ಬಿಯನ್ನು ಹನಿ ಸಮೇತ ಡಾಕ್ಟರ ಮೇಜಿನ ಮೇಲೆ ಸುರಿಯಿರಿ, ಅಷ್ಟೇ.

ಇನ್ನು ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯ, ರಕ್ತ ತೆಳುವಾಗಿಸುವ ಮಾತ್ರೆ.

ಎ.ಎಫ್.ನಲ್ಲಿ ನಡುಗುವ ಮೇಲ್ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹಾರಿದರೆ ಪಾರ್ಶ್ವವಾಯು, ನಮ್ಮ ಕಡೆ ಲಕ್ವ ಎನ್ನುತ್ತಾರೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರ ಮೇಲೆ ನಡೆದ ಹೆಸರಾಂತ ಅಧ್ಯಯನ 1991ರಲ್ಲಿ ತೋರಿಸಿದಂತೆ ಎ.ಎಫ್. ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು. ಅದನ್ನು ತಡೆಯಲು ವಾರ್ಫರಿನ್ ಅಥವಾ ಹೊಸ ತಲೆಮಾರಿನ ಅಪಿಕ್ಸಬಾನ್, ಡಾಬಿಗಾಟ್ರಾನ್, ರಿವಾರೊಕ್ಸಬಾನ್. ಆದರೆ ಒಮ್ಮೆ ಬಿದ್ದವರ ಮನೆಯಲ್ಲಿ ಮೊದಲು ನಿಲ್ಲುವುದು ಈ ಮಾತ್ರೆಯೇ. “ಮತ್ತೆ ಬಿದ್ದು ತಲೆಯಲ್ಲಿ ರಕ್ತ ಸೋರಿದರೆ?” ಎಂಬ ಭಯ. ಮಾವನ ವಿಷಯದಲ್ಲಿ ನಾನೂ ಹಾಗೇ ವಾದಿಸಿದ್ದೆ.

ಆ ಭಯ ಸುಳ್ಳಲ್ಲ, ಆದರೆ ತೂಕ ತಪ್ಪಿದೆ. 1999ರಲ್ಲಿ ಕೆನಡಾದ ಸಂಶೋಧಕರು ಇದನ್ನೇ ಲೆಕ್ಕ ಹಾಕಿದರು. ಲಕ್ವದ ಅಪಾಯ ವರ್ಷಕ್ಕೆ ನೂರಕ್ಕೆ ಐದರಷ್ಟಿರುವ ಹಿರಿಯರೊಬ್ಬರಿಗೆ ವಾರ್ಫರಿನ್‌ನ ಲಾಭವನ್ನು ಬಿದ್ದು ತಲೆಯಲ್ಲಿ ರಕ್ತಸ್ರಾವವಾಗುವ ಅಪಾಯ ಮೀರಿಸಬೇಕಾದರೆ ಅವರು ವರ್ಷಕ್ಕೆ ಸುಮಾರು 295 ಬಾರಿ ಬೀಳಬೇಕು. ಇದು ಗಣಿತದ ಲೆಕ್ಕ, ಒಬ್ಬೊಬ್ಬ ರೋಗಿಗೂ ಅಕ್ಷರಶಃ ಅನ್ವಯಿಸುವುದಲ್ಲ. ಮೂತ್ರಪಿಂಡ ಸೋತವರು, ಮೊದಲೇ ಮಿದುಳಿನಲ್ಲಿ ರಕ್ತಸ್ರಾವವಾದವರು, ವಿಪರೀತ ಕುಡಿಯುವವರ ಲೆಕ್ಕ ಬೇರೆ. ಆದರೂ “ಒಂದು ಸಲ ಬಿದ್ದರು, ಮಾತ್ರೆ ನಿಲ್ಲಿಸಿ” ಎನ್ನುವುದು ಎಷ್ಟು ದುಡುಕೆಂದು ತಿಳಿಯಲು ಸಾಕು. ಕೆಲವರು ನಡುದಾರಿ ಎಂದುಕೊಂಡು ಆಸ್ಪಿರಿನ್‌ಗೆ ಬದಲಾಯಿಸುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು 75 ದಾಟಿದ 973 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಬಂತು. ಆಸ್ಪಿರಿನ್‌ಗಿಂತ ವಾರ್ಫರಿನ್ ತೆಗೆದುಕೊಂಡವರಿಗೆ ಲಕ್ವ ಅರ್ಧದಷ್ಟಾಯಿತು, ದೊಡ್ಡ ರಕ್ತಸ್ರಾವ ಹೆಚ್ಚಾಗಲಿಲ್ಲ. ಲಕ್ವ ಹೊಡೆದು ಒಂದು ಕಾಲು ಎಳೆಯುವಂತಾದವರು ಆಮೇಲೆ ಬೀಳುವುದು ಇನ್ನೂ ಹೆಚ್ಚು ಎಂಬುದನ್ನೂ ಮರೆಯಬಾರದು.

ನಮ್ಮ ಕಡೆಯ ಊಟಕ್ಕೆ ಸಂಬಂಧಿಸಿದ ಮಾತೊಂದು. ವಾರ್ಫರಿನ್ ನುಂಗುವವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು, ಸಾಮಾನ್ಯವಾಗಿ ಅದು 2 ಮತ್ತು 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ. ಹಾಗೆಂದು ರೊಟ್ಟಿಯ ಜೊತೆ ಮೆಂತ್ಯ ಸೊಪ್ಪು, ಹಕ್ಕರಿಕೆ ಪೂರ್ತಿ ಬಿಡಬೇಕಿಲ್ಲ. ವಾರವಿಡೀ ಒಂದೇ ಅಳತೆಯಲ್ಲಿರಲಿ, ಒಂದು ವಾರ ತಟ್ಟೆ ತುಂಬ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅವರಿಗೆ ವಾರ್ಫರಿನ್‌ನಂಥ ಹಳೆಯ ಮಾತ್ರೆಯೇ ಒಳ್ಳೆಯದೆಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿದೆ. ಹೊಸದೆಲ್ಲ ಎಲ್ಲರಿಗೂ ಮೇಲಲ್ಲ. ಇಂಥ ಮಾತ್ರೆ ನುಂಗುವವರು ಬಿದ್ದು ತಲೆಗೆ ಏಟು ಮಾಡಿಕೊಂಡರೆ, ಮಾತಾಡಿಕೊಂಡು ಚೆನ್ನಾಗಿಯೇ ಇದ್ದರೂ, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ನಿಂತ ಸಾಲು ನೆನಪಿರಬಹುದು. ಹೃದಯ ಎಂದರೆ ಎದೆನೋವು, ಎಳೆಯರ ಸಾವು ಎಂಬ ಚಿತ್ರ ನಮ್ಮಲ್ಲಿ ಗಟ್ಟಿಯಾಗಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯೂ ಹೊರಟದ್ದು ಅಲ್ಲಿಂದಲೇ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಂದ ಓದಿಸಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಒಳ್ಳೆಯ ಕೆಲಸ. ನನ್ನ ಕೇಳಿಕೆ ಇಷ್ಟೇ: ಜಗಳೂರಲ್ಲೋ ಹೊಸದುರ್ಗದಲ್ಲೋ ಮೊಳಕಾಲ್ಮುರುವಿನಲ್ಲೋ 65 ದಾಟಿದವರು ಬಿದ್ದು ಬಂದರೆ, ಎದೆನೋವು ಇಲ್ಲದಿದ್ದರೂ, ಅದೇ ಯಂತ್ರಕ್ಕೆ ಅವರನ್ನೂ ಮಲಗಿಸಲಿ. ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಆ 10 ಸೆಕೆಂಡಿನಲ್ಲಿ ಎಲ್ಲ ಸಿಗುವುದಿಲ್ಲ ನಿಜ, ಆದರೆ ನಿರಂತರ ಎ.ಎಫ್., ಪೂರ್ತಿ ಹಾರ್ಟ್ ಬ್ಲಾಕ್ ಸಿಕ್ಕಿಬೀಳುತ್ತವೆ. ಜೊತೆಗೆ ಮಲಗಿಸಿ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಲಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಕಾರಣದ ಒಂದು ತುದಿ ಅಲ್ಲೇ ಸಿಕ್ಕಿತು. ಇದಕ್ಕೆ ಪೈಸೆ ಖರ್ಚಿಲ್ಲ, ಐದು ನಿಮಿಷ ಬೇಕು. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಐದು ನಿಮಿಷ ಸಿಗುವುದೇ ಕಷ್ಟ ಎಂಬುದೂ ಗೊತ್ತು. ನರ್ಸ್‌ಗಳಿಗೆ ಆ ಹೊಣೆ ಕೊಟ್ಟರೆ ಆಗದ್ದೇನಲ್ಲ.

ಖರ್ಚಿನ ಹೆದರಿಕೆಯಿಂದ ಮುಂದಿನ ಪರೀಕ್ಷೆ ಬೇಡವೆನ್ನುವವರಿಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಪೇಸ್‌ಮೇಕರ್ ಅಳವಡಿಕೆಯೂ ಅದರಲ್ಲಿ ಸೇರಿದೆ. ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬಗ್ಗೆ ವಿಚಾರಿಸಿಕೊಳ್ಳಿ. ಪೇಸ್‌ಮೇಕರ್ ಎಂದರೆ ಎದೆ ಸೀಳುವ ಆಪರೇಷನ್ ಅಲ್ಲ, ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಚರ್ಮದಡಿ ಸಣ್ಣ ಪೆಟ್ಟಿಗೆ ಇಟ್ಟು ನಾಳದ ಮೂಲಕ ತಂತಿ ಇಳಿಸುವುದು. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್ ಆಮೇಲೆ 43 ವರ್ಷ ಬದುಕಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾವನಿಗೂ ಪೇಸ್‌ಮೇಕರ್ ಕೂರಿಸಿದರು. ಅದು ಎ.ಎಫ್. ವಾಸಿ ಮಾಡಲಿಲ್ಲ, ಅದು ಮಾಡುವುದೂ ಇಲ್ಲ. ಹೃದಯ ಸುಮ್ಮನಾದಾಗ ತಟ್ಟಿ ಎಬ್ಬಿಸುತ್ತದೆ. ಆ ಭದ್ರತೆ ಇರುವುದರಿಂದ ಓಟ ತಗ್ಗಿಸುವ ಮಾತ್ರೆಯನ್ನು ಧೈರ್ಯವಾಗಿ ಕೊಡಬಹುದಾಯಿತು. ರಕ್ತ ತೆಳುವಾಗಿಸುವ ಮಾತ್ರೆಯೂ ಮುಂದುವರಿದಿದೆ.

ಮನೆಯಲ್ಲೇ ಮಾಡಬಹುದಾದದ್ದು ನಾಡಿ ನೋಡುವುದು. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಕೆಗಿಂತ ಹದ ಮುಖ್ಯ. ಭಜನೆಯಲ್ಲಿ ತಾಳ ಬಲ್ಲವರಿಗೆ ಇದು ಹೇಳಿಕೊಡಬೇಕಿಲ್ಲ. ಎಲ್ಲೋ ಒಮ್ಮೆ ಒಂದು ಬಡಿತ ತಪ್ಪುವುದು ಸಾಮಾನ್ಯ, ಆದರೆ ಯಾವ ಲೆಕ್ಕಕ್ಕೂ ಸಿಗದೆ ಬಡಿದರೆ, ಅಥವಾ ಸುಮ್ಮನೆ ಕುಳಿತಾಗಲೂ 50ಕ್ಕಿಂತ ಕಡಿಮೆ ಇದ್ದರೆ ಇಸಿಜಿ ಮಾಡಿಸಿ. ಮನೆಯ ಬಿ.ಪಿ. ಯಂತ್ರಗಳಲ್ಲಿ ಕೆಲವು ಲಯ ತಪ್ಪಿದ್ದನ್ನು ಹೃದಯದ ಗುರುತಿನಿಂದ ತೋರಿಸುತ್ತವೆ. ಆ ಗುರುತು ಮತ್ತೆ ಮತ್ತೆ ಮಿನುಗಿದರೆ ಯಂತ್ರ ಕೆಟ್ಟಿದೆ ಎಂದು ಬದಿಗಿಡಬೇಡಿ.

ಆಸ್ಪತ್ರೆಗೆ ಯಾರು ಹೋಗಬೇಕು ಎಂಬುದೂ ಮುಖ್ಯ. ನಮ್ಮ ಮನೆಗಳಲ್ಲಿ ಬೈಕ್ ಓಡಿಸುವ ಮಗನೋ ಅಳಿಯನೋ ಹೋಗುತ್ತಾನೆ. ಅಪ್ಪ ಬಿದ್ದಾಗ ಅವನು ಮನೆಯಲ್ಲೇ ಇರುವುದಿಲ್ಲ, ಆದರೂ ಡಾಕ್ಟರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವನು ಅವನೇ. ಬಿದ್ದ ಸದ್ದು ಕೇಳಿ ಮೊದಲು ಓಡಿ ಬಂದವಳು, ಮುಖ ಬಿಳಿಚಿದ್ದು ಕಂಡವಳು ಒಲೆಯ ಮುಂದೆ ಉಳಿಯುತ್ತಾಳೆ. ಮಾವನ ಪೇಸ್‌ಮೇಕರ್ ತಪಾಸಣೆಗೆ ಆರು ತಿಂಗಳಿಗೊಮ್ಮೆ ಈಗ ಅತ್ತೆಯೇ ಜೊತೆಗೆ ಹೋಗುತ್ತಾರೆ. ಡಾಕ್ಟರು ಮೊದಲು ಕೇಳುವುದು ಅವರನ್ನೇ.